ಬೋರ್ಡ್ ಅಂಕ, ಸಿಇಟಿ ಅಂಕ, ವಿದ್ಯಾರ್ಥಿವೇತನ: ಹೋಲಿಕೆಯ ಸೂತ್ರ ಸರಿಪಡಿಸಿ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ಕಾರ್ಯನಿರ್ವಾಹಕ ನಿರ್ದೇಶಕರು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ
ಮಾನ್ಯ ಅಧ್ಯಕ್ಷರು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ

ವಿಷಯ: ಸಿಇಟಿ ರ‍್ಯಾಂಕ್ ಮತ್ತು ವಿದ್ಯಾರ್ಥಿವೇತನದ ಅರ್ಹತೆಗೆ ಬೇರೆ ಬೇರೆ ಪರೀಕ್ಷೆಗಳ ಅಂಕಗಳನ್ನು ಹೋಲಿಸುವ ವಿಧಾನವನ್ನು ಮರುಪರಿಶೀಲಿಸುವ ಬಗ್ಗೆ.

ಮಾನ್ಯರೇ,

ವಿಜ್ಞಾನ ವಿಭಾಗದಲ್ಲಿ ಹನ್ನೆರಡನೇ ತರಗತಿ ಮುಗಿಸಿದ ವಿದ್ಯಾರ್ಥಿಯ ಅಂಕಪಟ್ಟಿಯನ್ನು ನಮ್ಮ ರಾಜ್ಯದಲ್ಲಿ ಮೂರು ಕಡೆ ಮೂರು ರೀತಿಯಲ್ಲಿ ಓದುತ್ತಾರೆ. ಎಂಜಿನಿಯರಿಂಗ್ ಸೀಟಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ (ಪಿಸಿಎಂ) ಬೋರ್ಡ್ ಅಂಕದ ಶೇಕಡಾವಾರನ್ನು ಇದ್ದ ಹಾಗೆಯೇ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕಕ್ಕೆ ಕೂಡಿಸುತ್ತಾರೆ. ಕೇಂದ್ರ ಸರ್ಕಾರ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅದೇ ಬೋರ್ಡಿನ ಉಳಿದವರ ನಡುವೆ ಆ ವಿದ್ಯಾರ್ಥಿ ಎಲ್ಲಿ ನಿಲ್ಲುತ್ತಾನೆ ಎಂದು ನೋಡುತ್ತಾರೆ. ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ರಿಯಾಯಿತಿಗೆ ಬೋರ್ಡ್ ಯಾವುದೆಂದು ಯಾರೂ ಕೇಳುವುದಿಲ್ಲ. ಎಲ್ಲರಿಗೂ ಒಂದೇ ಗೆರೆ. ಈ ಮೂರರಲ್ಲಿ ಎರಡನೆಯ ವಿಧಾನವೊಂದೇ ತಳಪಾಯವುಳ್ಳದ್ದು. ಮೊದಲನೆಯದನ್ನು ಸರಿಪಡಿಸುವುದು ತಮ್ಮ ಕೈಯಲ್ಲಿದೆ, ಮೂರನೆಯದನ್ನು ಹದ್ದುಬಸ್ತಿನಲ್ಲಿಡುವುದೂ ತಮ್ಮ ಅಧಿಕಾರಕ್ಕೆ ದೂರವಾದದ್ದಲ್ಲ. ಪ್ರತಿ ಬೇಸಿಗೆಯಲ್ಲಿ ಸಿಇಟಿ ಸೀಟಿಗೆ ಕಾಲೇಜು ಆಯ್ಕೆ ದಾಖಲಿಸುವ ಆಪ್ಷನ್ ಎಂಟ್ರಿಗೂ ವಿದ್ಯಾರ್ಥಿವೇತನದ ಅರ್ಜಿಗೂ ಮಕ್ಕಳ ಜೊತೆ ಕೂತು ಲೆಕ್ಕ ಹಾಕುವ ಉಪನ್ಯಾಸಕರಾಗಿ, ಎಲ್ಲಿ ಏನು ತಪ್ಪುತ್ತಿದೆ ಎಂಬುದನ್ನು ವಿವರವಾಗಿ ತಮ್ಮ ಮುಂದಿಡುತ್ತಿದ್ದೇವೆ.

ಮೊದಲು ಈಗಿನ ಲೆಕ್ಕ. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60ರಂತೆ 180 ಅಂಕ. ಬೋರ್ಡ್ ಪರೀಕ್ಷೆಯಲ್ಲಿ ಅದೇ ಮೂರು ವಿಷಯಕ್ಕೆ 300 ಅಂಕ. ಎರಡನ್ನೂ ಶೇಕಡಾವಾರಿಗೆ ತಂದು ತಲಾ ಅರ್ಧ ಸೇರಿಸಿದರೆ ರ‍್ಯಾಂಕ್ ನಿರ್ಧರಿಸುವ ಒಟ್ಟು ಅಂಕ ಸಿಗುತ್ತದೆ. ಬೋರ್ಡಿನಲ್ಲಿ 294, ಸಿಇಟಿಯಲ್ಲಿ 81 ಪಡೆದ ವಿದ್ಯಾರ್ಥಿನಿಗೆ 49 ಮತ್ತು 22.5 ಸೇರಿ 71.5. ಬೋರ್ಡಿನಲ್ಲಿ 264, ಸಿಇಟಿಯಲ್ಲಿ 99 ಪಡೆದವಳಿಗೆ 44 ಮತ್ತು 27.5 ಸೇರಿ ಮತ್ತೆ 71.5. ಅಂದರೆ ಸಿಇಟಿಯ 3 ಪ್ರಶ್ನೆಗಳು ಬೋರ್ಡಿನ 5 ಅಂಕಕ್ಕೆ ಸಮ. ಕಾಗದದ ಮೇಲೆ ಇದು ಸಮಪಾಲಿನಂತೆಯೇ ಕಾಣುತ್ತದೆ.

ಆದರೆ ಸಮಪಾಲು ಇಲ್ಲ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ. ಪ್ರಶ್ನೆಪತ್ರಿಕೆ ತೆರೆಯದೆ ಓಎಂಆರ್ ಹಾಳೆ ತುಂಬಿ ಬಂದರೂ ಸರಾಸರಿ 45 ಅಂಕ, ಅಂದರೆ ಶೇ 25 ಬರುತ್ತದೆ. ಬೋರ್ಡ್ ಪರೀಕ್ಷೆ ವಿವರಣಾತ್ಮಕವಾದದ್ದು. ಅದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ತಲಾ 30 ಅಂಕ ಪ್ರಾಯೋಗಿಕಕ್ಕೆ ಮೀಸಲು, ಆ ಭಾಗದಲ್ಲಿ ಹೆಚ್ಚಿನವರು ಪೂರ್ಣಾಂಕದ ಆಸುಪಾಸಿನಲ್ಲೇ ಇರುತ್ತಾರೆ. ಹೀಗಾಗಿ ಒಂದು ಪರೀಕ್ಷೆಯ ಶೇ 60 ಇನ್ನೊಂದರ ಶೇ 60 ಅಲ್ಲವೇ ಅಲ್ಲ. ಎರಡೂ 100ಕ್ಕೆ ಇಳಿದ ಮಾತ್ರಕ್ಕೆ ಅವುಗಳ ಅಳತೆಗೋಲು ಒಂದಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಂಕಗಳ ಹರವು. ಎರಡು ಅಂಕಗಳನ್ನು ಕೂಡಿಸಿ ರ‍್ಯಾಂಕ್ ಮಾಡುವಾಗ ಯಾವ ಅಂಕಕ್ಕೆ ನಿಜವಾಗಿ ಎಷ್ಟು ತೂಕ ಎಂಬುದನ್ನು ನಿಯಮ ಹೇಳುವ 50:50 ತೀರ್ಮಾನಿಸುವುದಿಲ್ಲ; ಯಾವುದರ ಅಂಕ ಹೆಚ್ಚು ಹರಡಿದೆ ಎಂಬುದು ತೀರ್ಮಾನಿಸುತ್ತದೆ. ಪಿಯು ಸಂಖ್ಯಾಶಾಸ್ತ್ರ ಓದಿದ ಮಕ್ಕಳಿಗೆ ಗೊತ್ತಿರುವ ಮಾನಕ ವಿಚಲನೆಯ, ಅಂದರೆ ಅಂಕಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಎಂಬ ಅಳತೆಯ ಮಾತೇ ಇದು. ಲೆಕ್ಕ ತಿಳಿಯಲೆಂದು ಹೀಗೆ ಇಟ್ಟುಕೊಳ್ಳೋಣ: ಒಳ್ಳೆಯ ಕಾಲೇಜಿನ ಸೀಟಿಗೆ ಪೈಪೋಟಿ ಮಾಡುವವರಲ್ಲಿ ಬೋರ್ಡ್ ಶೇಕಡಾವಾರಿನ ಮಾನಕ ವಿಚಲನೆ 6, ಸಿಇಟಿಯದು 14. ಆಗ ರ‍್ಯಾಂಕಿನಲ್ಲಿ ಬೋರ್ಡಿನ ಪಾಲು ಅರ್ಧವಲ್ಲ, ಹೆಚ್ಚುಕಡಿಮೆ ಶೇ 30. ಉಳಿದ 70 ಸಿಇಟಿಯದು. ಎರಡು ವರ್ಷ ತರಗತಿಯಲ್ಲಿ ಕೂತು ಓದಿದ್ದಕ್ಕೆ ಅರ್ಧ ಬೆಲೆ ಎಂದು ನಂಬಿಸಿ, ಲೆಕ್ಕದಲ್ಲಿ ಅದಕ್ಕಿಂತ ಕಡಿಮೆ ಕೊಟ್ಟ ಹಾಗಾಯಿತು. ಕೋಚಿಂಗ್ ಸಿಗದ ತಾಲ್ಲೂಕು ಕೇಂದ್ರಗಳ ಮಕ್ಕಳು ಬಲವಾಗಿರುವುದು ಬೋರ್ಡ್ ಅಂಕದಲ್ಲೇ. ನಿಜವಾದ ಪಾಲು ಎಷ್ಟು ಎಂದು ಹೇಳಬಲ್ಲ ದತ್ತಾಂಶ ಇರುವುದು ಪ್ರಾಧಿಕಾರದ ಬಳಿ. ಅದನ್ನು ಪ್ರಕಟಿಸಿ ಎಂಬುದು ನಮ್ಮ ಮೊದಲ ಬೇಡಿಕೆ.

ಬೋರ್ಡುಗಳ ನಡುವಿನ ವ್ಯತ್ಯಾಸ ಮುಂದಿನ ತೊಡಕು. ರಾಜ್ಯ ಪಿಯುಸಿ, ಸಿಬಿಎಸ್‌ಇ, ಐಎಸ್‌ಸಿ ಮೂರರ ಪಿಸಿಎಂ ಅಂಕಗಳೂ ಇದ್ದ ಹಾಗೆಯೇ ಒಂದೇ ಸೂತ್ರದೊಳಗೆ ಬರುತ್ತವೆ. ಪ್ರಶ್ನೆಪತ್ರಿಕೆ ಬೇರೆ, ಮೌಲ್ಯಮಾಪನದ ಕೈ ಬೇರೆ, ಆಂತರಿಕ ಅಂಕದ ರೂಢಿಯೂ ಬೇರೆ. ಮೇಲಾಗಿ ಅವಕಾಶಗಳ ಸಂಖ್ಯೆಯೂ ಒಂದೇ ಇಲ್ಲ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಯಾವುದರಲ್ಲಿ ಹೆಚ್ಚು ಬಂತೋ ಅದೇ ಅಂಕ ಉಳಿಯುತ್ತದೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯವರು ಪೂರಕ ಪರೀಕ್ಷೆಯಲ್ಲಿ ಸುಧಾರಿಸಿಕೊಳ್ಳಬಹುದಾದದ್ದು ಒಂದು ವಿಷಯವನ್ನು ಮಾತ್ರ. ಹಲವು ಪರೀಕ್ಷೆಯ ಪದ್ಧತಿಯನ್ನು ನಾವು ವಿರೋಧಿಸುತ್ತಿಲ್ಲ, ಅದರಿಂದ ಎಷ್ಟೋ ಮಕ್ಕಳ ವರ್ಷ ಉಳಿದಿದೆ. ಆದರೆ ಹಲವು ಪ್ರಯತ್ನದ ಅತ್ಯುತ್ತಮ ಅಂಕವನ್ನೂ ಒಂದೇ ಪ್ರಯತ್ನದ ಅಂಕವನ್ನೂ ಪಕ್ಕಪಕ್ಕ ಇಟ್ಟು ದಶಮಾಂಶದ ಲೆಕ್ಕದಲ್ಲಿ ರ‍್ಯಾಂಕ್ ಹಂಚುವುದಕ್ಕೆ ಸಮರ್ಥನೆ ಏನು?

ಅಂಕ ತಾನೇ ತಾನಾಗಿ ಹೋಲಿಕೆಗೆ ಒಗ್ಗುವುದಿಲ್ಲ ಎಂಬುದನ್ನು ರಾಜ್ಯ ಒಮ್ಮೆ ಕಣ್ಣಾರೆ ಕಂಡಿದೆ. ಕೋವಿಡ್‌ನಿಂದಾಗಿ 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ, ಪ್ರಥಮ ಪಿಯುಸಿ ಮತ್ತು ಆಂತರಿಕ ಅಂಕಗಳನ್ನು ಆಧರಿಸಿ ಫಲಿತಾಂಶ ಕೊಟ್ಟಾಗ 2,239 ಮಂದಿಗೆ 600ಕ್ಕೆ 600 ಬಂತು. ಆ ವರ್ಷ ರ‍್ಯಾಂಕನ್ನು ಸಿಇಟಿ ಅಂಕದಿಂದಲೇ ಕೊಡಲಾಯಿತು, ಅದು ಸರಿಯಾದ ನಿರ್ಧಾರ. ತೊಂದರೆ ಬಂದದ್ದು ಮರುವರ್ಷ. 2022ರ ಸಿಇಟಿಗೆ ಮತ್ತೆ ಕೂತ ಸುಮಾರು 24 ಸಾವಿರ ಮಂದಿಯ ಹಿಂದಿನ ಸಾಲಿನ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರು ಹೈಕೋರ್ಟಿಗೆ ಹೋದರು, ಸೆಪ್ಟೆಂಬರಿನಲ್ಲಿ ಆದೇಶ ಅವರ ಪರ ಬಂತು, ಆಮೇಲೆ ಅವರ ಪಿಯು ಅಂಕದಲ್ಲಿ ಒಂದಿಷ್ಟು ಕಡಿತ ಮಾಡಿ ಪರಿಗಣಿಸುವ ಸೂತ್ರಕ್ಕೆ ಬಂದು ರ‍್ಯಾಂಕ್ ಪಟ್ಟಿಯನ್ನೇ ಹೊಸದಾಗಿ ಮಾಡಬೇಕಾಯಿತು. ಈ ಕಡಿತ ಏನು? ಎರಡು ಬೇರೆ ಅಳತೆಯ ಅಂಕಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸವೇ. ಅದನ್ನು ಸೀಟು ಹಂಚಿಕೆಯ ನಡುವೆ, ನ್ಯಾಯಾಲಯದ ಅಂಗಳದಲ್ಲಿ, ಅವಸರದಲ್ಲಿ ಮಾಡಬೇಕಾಗಿ ಬಂತು. ಮೊದಲೇ ನಿಯಮದಲ್ಲಿದ್ದರೆ ಮಕ್ಕಳು ಎರಡು ತಿಂಗಳು ತೂಗುಯ್ಯಾಲೆಯಲ್ಲಿ ಇರಬೇಕಾಗಿರಲಿಲ್ಲ.

2024ರಲ್ಲೂ ಇಂಥದ್ದೇ. ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದವೆಂಬ ದೂರಿನ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಪ್ರಶ್ನೆ ಕೈಬಿಟ್ಟಾಗ ಉಳಿದ ಪ್ರತಿಯೊಂದರ ಬೆಲೆ ಏರುತ್ತದೆ, ಸಿಇಟಿ ಅಂಕದ ಹರವು ಬದಲಾಗುತ್ತದೆ, ಬೋರ್ಡಿನ ಜೊತೆಗಿನ ಅನುಪಾತವೂ ಸದ್ದಿಲ್ಲದೆ ಸರಿಯುತ್ತದೆ. ಎಷ್ಟು ಸರಿಯಿತು ಎಂಬ ವಿವರವನ್ನು ಮಕ್ಕಳಿಗೆ ಯಾರೂ ಕೊಡಲಿಲ್ಲ.

ನೆರೆಯ ರಾಜ್ಯಗಳು ಈ ಸಮಸ್ಯೆಯನ್ನು ಒಪ್ಪಿಕೊಂಡಿವೆ. ಅವುಗಳ ದಾರಿ ಪೂರ್ತಿ ಸರಿ ಎಂದು ನಾವು ಹೇಳುವುದಿಲ್ಲ. 2007ರಿಂದ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟ ತಮಿಳುನಾಡು ಪ್ರತಿ ಬೋರ್ಡಿನ ಗರಿಷ್ಠ ಅಂಕವನ್ನು ಸಮ ಮಾಡಿಕೊಂಡು ಉಳಿದವರ ಅಂಕವನ್ನು ಅದೇ ಪ್ರಮಾಣದಲ್ಲಿ ಏರಿಸುತ್ತದೆ. ಒಬ್ಬ ಟಾಪರ್ ತೆಗೆದ ಅಂಕದ ಮೇಲೆ ಸಾವಿರಾರು ಮಂದಿಯ ಅಂಕ ನಿಂತಿರುವುದು ಈ ವಿಧಾನದ ದೌರ್ಬಲ್ಯ. ದೊಡ್ಡ ಬೋರ್ಡುಗಳಲ್ಲಿ ಯಾರಾದರೊಬ್ಬರು 100 ತೆಗೆದೇ ತೆಗೆಯುತ್ತಾರೆ, ಆಗ ಸೂತ್ರ ಇದ್ದೂ ಇಲ್ಲದಂತೆ. ಕೇರಳ ತನ್ನ ಕೀಮ್ ಪರೀಕ್ಷೆಯಲ್ಲಿ ಸರಾಸರಿ ಮತ್ತು ಮಾನಕ ವಿಚಲನೆಯನ್ನು ಆಧರಿಸಿ ಬೋರ್ಡ್ ಅಂಕಗಳನ್ನು ಪ್ರಮಾಣೀಕರಿಸುತ್ತಿತ್ತು. ಇದರಿಂದ ರಾಜ್ಯ ಪಠ್ಯಕ್ರಮದವರು ಅಂಕ ಕಳೆದುಕೊಳ್ಳುತ್ತಾರೆ ಎಂಬ ದೂರಿನ ಮೇಲೆ 2025ರಲ್ಲಿ ಕೊನೆಗಳಿಗೆಯಲ್ಲಿ ಸೂತ್ರ ಬದಲಾಯಿಸಿತು. ರ‍್ಯಾಂಕ್ ಪಟ್ಟಿ ಹೊರಬಿದ್ದ ಮೇಲೆ, ಜುಲೈನಲ್ಲಿ, ಕೇರಳ ಹೈಕೋರ್ಟ್ ಅದನ್ನು ರದ್ದುಮಾಡಿತು. ಹಳೆಯ ಸೂತ್ರದಂತೆ ಇನ್ನೊಂದು ಪಟ್ಟಿ ಬಂತು, ಮೊದಲ ರ‍್ಯಾಂಕೇ ಬೇರೆಯವರ ಪಾಲಾಯಿತು. ಅಲ್ಲಿನ ದೂರಿನಲ್ಲಿ ಹುರುಳಿತ್ತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಪರೀಕ್ಷೆ ಮುಗಿದ ಮೇಲೆ ಬದಲಾಗುವ ಸೂತ್ರ ಎಷ್ಟೇ ನ್ಯಾಯವಾಗಿದ್ದರೂ ಉಳಿಯುವುದಿಲ್ಲ ಎಂಬುದು ಮುಖ್ಯ.

ಹಾಗಾದರೆ ಮಾಡಬೇಕಾದದ್ದೇನು? ಎಲ್ಲರಿಗೂ ಮೊದಲು ಹೊಳೆಯುವುದು ಬೋರ್ಡ್ ಅಂಕದ ಬದಲು ಬೋರ್ಡ್‌ವಾರು ಪರ್ಸೆಂಟೈಲ್, ಅಂದರೆ ಬೋರ್ಡಿನಲ್ಲಿ ಶೇ ಎಷ್ಟು ಮಂದಿ ತಮಗಿಂತ ಕೆಳಗಿದ್ದಾರೆ ಎಂಬ ಸಂಖ್ಯೆ, ಬಳಸುವುದು. ಪಿಯುಸಿಯ ಮೊದಲ ಶೇ 5ರಲ್ಲಿರುವವರೂ ಸಿಬಿಎಸ್‌ಇಯ ಮೊದಲ ಶೇ 5ರಲ್ಲಿರುವವರೂ ಸಮ ಎಂದಾಗುತ್ತದೆ. ದಿಕ್ಕು ಸರಿಯೇ. ಆದರೆ ಪರ್ಸೆಂಟೈಲನ್ನು ನೇರವಾಗಿ ಸಿಇಟಿ ಶೇಕಡಾವಾರಿಗೆ ಕೂಡಿಸಿದರೆ ತಪ್ಪು ತಲೆಕೆಳಗಾಗಿ ಮರಳುತ್ತದೆ. ಪರ್ಸೆಂಟೈಲ್ ಯಾವತ್ತೂ 0ಯಿಂದ 100ರವರೆಗೆ ಸಮನಾಗಿ ಹರಡಿರುತ್ತದೆ, ಅದರ ಮಾನಕ ವಿಚಲನೆ ಸುಮಾರು 29. ಸಿಇಟಿಯದು ನಮ್ಮ ಉದಾಹರಣೆಯಂತೆ 14 ಆದರೆ, ಈಗ ಬೋರ್ಡಿನ ತೂಕ ಮೂರರಲ್ಲಿ ಎರಡು ಪಾಲಾಗಿಬಿಡುತ್ತದೆ. ಆದ್ದರಿಂದ ಇನ್ನೊಂದು ಹೆಜ್ಜೆ ಬೇಕು: ಬೋರ್ಡಿನಲ್ಲಿ 90ನೇ ಪರ್ಸೆಂಟೈಲಿನಲ್ಲಿರುವ ವಿದ್ಯಾರ್ಥಿಗೆ, ಸಿಇಟಿಯಲ್ಲಿ 90ನೇ ಪರ್ಸೆಂಟೈಲಿಗೆ ಎಷ್ಟು ಅಂಕ ಬಂದಿದೆಯೋ ಅಷ್ಟನ್ನು ಅವರ ಬೋರ್ಡ್ ಅಂಕ ಎಂದು ಪರಿಗಣಿಸಬೇಕು. ಆಗ ಎರಡೂ ಒಂದೇ ಹರವಿಗೆ ಬರುತ್ತವೆ, 50:50 ಎಂಬ ಮಾತು ನಿಜವಾಗುತ್ತದೆ.

ಇದು ನಮ್ಮ ಕಲ್ಪನೆಯಲ್ಲ. 2013ರಿಂದ 2016ರವರೆಗೆ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲಿ ಹನ್ನೆರಡನೇ ತರಗತಿ ಅಂಕಕ್ಕೆ ಶೇ 40 ಪಾಲು ಕೊಟ್ಟಾಗ ಬಳಸಿದ್ದು ಇದೇ ದಾರಿ. ವಿದ್ಯಾರ್ಥಿಯ ಬೋರ್ಡ್ ಪರ್ಸೆಂಟೈಲಿಗೆ ಸರಿಸಮವಾದ ಜೆಇಇ ಅಂಕವನ್ನು ಎರಡು ಸಲ ಹುಡುಕುತ್ತಿದ್ದರು: ಒಮ್ಮೆ ದೇಶದ ಎಲ್ಲ ಅಭ್ಯರ್ಥಿಗಳ ನಡುವೆ, ಇನ್ನೊಮ್ಮೆ ಅದೇ ಬೋರ್ಡಿನ ಅಭ್ಯರ್ಥಿಗಳ ನಡುವೆ. ಎರಡರ ಸರಾಸರಿ ಅಂತಿಮ ಬೋರ್ಡ್ ಅಂಕ. ಎರಡು ಸಲ ಏಕೆ ಎಂಬುದನ್ನು ತಾವು ಗಮನಿಸಬೇಕು, ಏಕೆಂದರೆ ನಮ್ಮಲ್ಲೂ ವಾದ ಏಳುವುದು ಅಲ್ಲೇ. ಎಲ್ಲರ ನಡುವಿನ ಸಿಇಟಿ ಅಂಕವನ್ನಷ್ಟೇ ತೆಗೆದುಕೊಂಡರೆ ಎಲ್ಲ ಬೋರ್ಡುಗಳ ಮಕ್ಕಳ ಮಟ್ಟವೂ ಒಂದೇ ಎಂದು ಒಪ್ಪಿಕೊಂಡಂತೆ. ಬೋರ್ಡಿನೊಳಗಿನ ಸಿಇಟಿ ಅಂಕವನ್ನಷ್ಟೇ ತೆಗೆದುಕೊಂಡರೆ ಯಾವ ಬೋರ್ಡಿನವರಿಗೆ ಕೋಚಿಂಗ್ ಹೆಚ್ಚು ಸಿಕ್ಕಿದೆಯೋ ಅವರೆಲ್ಲರ ಬೋರ್ಡ್ ಅಂಕವೂ ಮೇಲೇರುತ್ತದೆ, ಹಳ್ಳಿಯ ಪಿಯು ಕಾಲೇಜಿನ ಹುಡುಗಿ ತನ್ನ ಗುಂಪಿನ ಸರಾಸರಿಗೆ ದಂಡ ತೆರಬೇಕಾಗುತ್ತದೆ. ನಮ್ಮ ಒಲವು ಮೊದಲನೆಯದರ ಕಡೆಗೆ. ಆದರೂ ಇದು ನೀತಿಯ ಪ್ರಶ್ನೆ, ಉಪನ್ಯಾಸಕರಷ್ಟೇ ತೀರ್ಮಾನಿಸುವಂಥದ್ದಲ್ಲ. ಹಿಂದಿನ ಮೂರು ವರ್ಷಗಳ ಅಂಕಗಳಿಗೆ ಎರಡೂ ಸೂತ್ರಗಳನ್ನು ಹಚ್ಚಿ ನೋಡಿ, ಯಾವ ಜಿಲ್ಲೆಯ, ಯಾವ ಬೋರ್ಡಿನ, ಯಾವ ಮಾಧ್ಯಮದ ಮಕ್ಕಳ ರ‍್ಯಾಂಕ್ ಎಷ್ಟು ಕದಲುತ್ತದೆ ಎಂಬ ಪಟ್ಟಿಯನ್ನು ಜನರ ಮುಂದಿಡಿ. ಚರ್ಚೆ ಆಗಲಿ, ಆಮೇಲೆ ತೀರ್ಮಾನಿಸಿ. ಜೆಇಇಯಲ್ಲಿ 2017ರಿಂದ ಬೋರ್ಡ್ ಅಂಕವನ್ನು ರ‍್ಯಾಂಕಿನಿಂದ ಕೈಬಿಟ್ಟರು. ಆದರೆ ಅವರಂತೆ ದೇಶದ ಎಲ್ಲ ಬೋರ್ಡುಗಳ ಅಂಕವನ್ನೂ ಒಂದೆಡೆ ತರುವ ಭಾರ ನಮಗಿಲ್ಲ. ಸಿಇಟಿ ಬರೆದವರ ಬೋರ್ಡ್ ಅಂಕ ಪ್ರಾಧಿಕಾರದಲ್ಲೇ ಇದೆ.

ಅಮೆರಿಕದ ಉದಾಹರಣೆಯನ್ನೂ ಇಲ್ಲಿ ನೆನಪಿಸಬಹುದು, ನಮ್ಮ ಎಷ್ಟೋ ಕನ್ನಡಿಗರ ಮಕ್ಕಳು ಅಲ್ಲಿ ಇದೇ ಗೊಂದಲ ಎದುರಿಸುತ್ತಾರೆ. ಅಲ್ಲಿ ಕಾಲೇಜು ಪ್ರವೇಶಕ್ಕೆ ಎರಡು ಪರೀಕ್ಷೆ: 400ರಿಂದ 1600ರವರೆಗಿನ ಸ್ಯಾಟ್, 1ರಿಂದ 36ರವರೆಗಿನ ಎಸಿಟಿ. ಎರಡೂ ಸಂಸ್ಥೆಗಳು ಸೇರಿ, 2017ರಲ್ಲಿ ಶಾಲೆ ಮುಗಿಸಿದವರ ಪೈಕಿ ಎರಡೂ ಪರೀಕ್ಷೆ ಬರೆದವರ ಅಂಕಗಳನ್ನು ಆಧರಿಸಿ 2018ರಲ್ಲಿ ಹೊಂದಾಣಿಕೆಯ ಕೋಷ್ಟಕ ಪ್ರಕಟಿಸಿದವು. ಎಸಿಟಿ 30 ಎಂದರೆ ಸ್ಯಾಟ್ 1360ರಿಂದ 1380, 36 ಎಂದರೆ 1570ರಿಂದ 1600. ಒಂದು ಅಂಕಕ್ಕೆ ಎದುರಾಗಿ ಒಂದು ವ್ಯಾಪ್ತಿ ಇರುವುದನ್ನು ನೋಡಿ. ಅಷ್ಟು ಅನಿಶ್ಚಿತತೆ ಉಳಿದೇ ಇರುತ್ತದೆ ಎಂದು ಅವರೇ ಒಪ್ಪುತ್ತಾರೆ. ಎರಡೂ ಪರೀಕ್ಷೆಯ ಅಂಕ ಇದ್ದರೆ ಕೋಷ್ಟಕ ಬಿಟ್ಟು ನಿಜವಾದ ಅಂಕವನ್ನೇ ನೋಡಬೇಕೆಂಬ ಸೂಚನೆಯೂ ಇದೆ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿವೇತನದ ಮಟ್ಟಗಳನ್ನು ಹೇಳುವಾಗ ಎರಡೂ ಅಂಕಗಳನ್ನು ಪಕ್ಕಪಕ್ಕ ಕೊಡುವುದು ಇಂಥ ಕೋಷ್ಟಕ ಇರುವುದರಿಂದಲೇ. 2025ರಲ್ಲಿ ಎಸಿಟಿ ತನ್ನ ವಿಜ್ಞಾನ ಭಾಗವನ್ನು ಐಚ್ಛಿಕ ಮಾಡಿ ಒಟ್ಟು ಅಂಕವನ್ನು ಮೂರು ಭಾಗಗಳ ಸರಾಸರಿಗೆ ಇಳಿಸಿತು. ಪರೀಕ್ಷೆ ಬದಲಾದಾಗ ಹಳೆಯ ಕೋಷ್ಟಕವನ್ನು ಮತ್ತೆ ತಾಳೆ ನೋಡಲೇಬೇಕು. ನಮ್ಮಲ್ಲೂ ಪಿಯು ಪ್ರಶ್ನೆಪತ್ರಿಕೆಯ ಮಾದರಿ ಬದಲಾದಾಗಲೆಲ್ಲ ಅದೇ ನಿಯಮ ಇರಲಿ.

ವಿದ್ಯಾರ್ಥಿವೇತನಕ್ಕೆ ಬೇರೆಯೇ ಸೂತ್ರ ಇರುವುದು ತಪ್ಪಲ್ಲ, ಅದು ಮೊದಲೇ ಗೊತ್ತಿರಬೇಕು ಅಷ್ಟೆ. ಅಮೆರಿಕದ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಪಿಸ್ಯಾಟ್ ಪರೀಕ್ಷೆಯ ಓದು-ಬರಹ ಅಂಕವನ್ನು ಇಮ್ಮಡಿ ಮಾಡಿ, ಗಣಿತದ ಅಂಕ ಸೇರಿಸಿ, 10ರಿಂದ ಭಾಗಿಸುತ್ತಾರೆ. ಓದು-ಬರಹದಲ್ಲಿ 760, ಗಣಿತದಲ್ಲಿ 720 ಬಂದವರ ಸೂಚ್ಯಂಕ 224. ಅದೇ ಅಂಕ ಅದಲುಬದಲಾಗಿ ಬಂದವರದು 220. ಒಟ್ಟು ಇಬ್ಬರದೂ 1480. ಕಟ್‌ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಈ ನಾಲ್ಕು ಅಂಕವೇ ಒಬ್ಬರನ್ನು ಒಳಗೆ, ಇನ್ನೊಬ್ಬರನ್ನು ಹೊರಗೆ ನಿಲ್ಲಿಸಬಲ್ಲದು. ಪರೀಕ್ಷೆಗೆ ಮುಂಚೆಯೇ ಸೂತ್ರ ತಿಳಿದಿರುವುದರಿಂದ ಮಕ್ಕಳು ಅದಕ್ಕೆ ತಕ್ಕಂತೆ ತಯಾರಾಗುತ್ತಾರೆ.

ಈಗ ನಮ್ಮ ವಿದ್ಯಾರ್ಥಿವೇತನಗಳ ಮಾತು. ಕೇಂದ್ರ ವಲಯದ ಯೋಜನೆಯಡಿ ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಆಯಾ ವಿಭಾಗದಲ್ಲಿ ಉತ್ತೀರ್ಣರಾದವರ ಪೈಕಿ 80ನೇ ಪರ್ಸೆಂಟೈಲಿಗಿಂತ ಮೇಲಿರುವವರು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದಿದ್ದರೆ ಅರ್ಜಿ ಹಾಕಬಹುದು. ದೇಶಕ್ಕೆ ವರ್ಷಕ್ಕೆ 82 ಸಾವಿರ ಹೊಸ ವೇತನ, ಅರ್ಧ ಹೆಣ್ಣುಮಕ್ಕಳಿಗೆ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರಂತೆ ಹಂಚಿಕೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ವೃತ್ತಿಪರ ಕೋರ್ಸಿನ ನಾಲ್ಕನೇ ವರ್ಷಕ್ಕೆ 20,000 ರೂಪಾಯಿ. ಹೋಲಿಕೆಯ ಮಟ್ಟಿಗೆ ಇದು ಸರಿಯಾದ ಯೋಜನೆ. ಆದರೂ ನಮ್ಮ ಮುಂದೆ ಬರುವವರಲ್ಲಿ ಬಹಳಷ್ಟು ಮಂದಿ 80ನೇ ಪರ್ಸೆಂಟೈಲನ್ನು ಶೇ 80 ಅಂಕ ಎಂದು ತಿಳಿದಿರುತ್ತಾರೆ. ಕಟ್‌ಆಫ್ ಅದಕ್ಕಿಂತ ಮೇಲಿರುವ ವಿಭಾಗದಲ್ಲಿ ಅನರ್ಹರು ಅರ್ಜಿ ಹಾಕಿ ತಿರಸ್ಕೃತರಾಗುತ್ತಾರೆ. ಕಟ್‌ಆಫ್ ಅದಕ್ಕಿಂತ ಕೆಳಗಿರುವ ವಿಭಾಗದಲ್ಲಿ ಅರ್ಹರೇ ಅರ್ಜಿ ಹಾಕದೆ ಸುಮ್ಮನಾಗುತ್ತಾರೆ, ಇದು ಹೆಚ್ಚು ನೋವಿನ ಸಂಗತಿ. ಮಂಡಳಿ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ವಿದ್ಯಾರ್ಥಿಯ ಅಂಕಪಟ್ಟಿಯ ಮೇಲೆಯೇ ಅವರ ವಿಭಾಗದ ಪರ್ಸೆಂಟೈಲ್ ಮುದ್ರಿಸಲಿ. ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವಾಗ ಆ ಪರ್ಸೆಂಟೈಲ್ ಯಾವ ಪರೀಕ್ಷೆಯ ಉತ್ತೀರ್ಣರನ್ನು ಆಧರಿಸಿದ್ದು ಎಂಬುದನ್ನೂ ಅಲ್ಲೇ ಬರೆಯಲಿ.

ಸಿಇಟಿ ಮೂಲಕ ಸಿಗುವ ಸೂಪರ್‌ನ್ಯೂಮರರಿ ಕೋಟಾವೂ ಒಂದು ಬಗೆಯ ವಿದ್ಯಾರ್ಥಿವೇತನವೇ. ಕಾಲೇಜಿನ ಪ್ರವೇಶ ಮಿತಿಯ ಮೇಲೆ ಶೇ 5 ಸೀಟು, ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಮನ್ನಾ, ಹಂಚಿಕೆ ರ‍್ಯಾಂಕಿನ ಮೇಲೆ. ಹಾಗಾಗಿ ರ‍್ಯಾಂಕ್ ಸೂತ್ರದ ತಪ್ಪು ನೇರವಾಗಿ ಬಡ ಕುಟುಂಬದ ಜೇಬಿಗೆ ತಟ್ಟುತ್ತದೆ. ಕೆಲವು ನೂರು ರ‍್ಯಾಂಕ್ ಆಚೀಚೆಯಾದರೂ ಅದೇ ಕಾಲೇಜಿನ ಅದೇ ಶಾಖೆಯಲ್ಲಿ ಒಬ್ಬರು ಬೋಧನಾ ಶುಲ್ಕವಿಲ್ಲದೆ ಓದುತ್ತಾರೆ, ಇನ್ನೊಬ್ಬರು ಪೂರ್ತಿ ಕಟ್ಟುತ್ತಾರೆ.

ಸೂತ್ರ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಹೋಗುವ ಮಾಹಿತಿ ಕೆಟ್ಟರೆ ಫಲವಿಲ್ಲ. ರಾಜ್ಯ ಪಿಯು ವಿದ್ಯಾರ್ಥಿಗಳ ಅಂಕ ಪ್ರಾಧಿಕಾರಕ್ಕೆ ತಾನಾಗಿ ಹೋಗುತ್ತದೆ. ಸಿಬಿಎಸ್‌ಇ, ಐಎಸ್‌ಸಿ ಮತ್ತು ಹೊರರಾಜ್ಯದ ಮಂಡಳಿಯವರು ತಾವೇ ಪೋರ್ಟಲ್‌ನಲ್ಲಿ ನಮೂದಿಸಬೇಕು. ನಮೂದಿಸದಿದ್ದರೆ ಎಂಜಿನಿಯರಿಂಗ್ ರ‍್ಯಾಂಕ್ ಬರುವುದಿಲ್ಲ. ಫಲಿತಾಂಶದ ದಿನ ರ‍್ಯಾಂಕಿನ ಜಾಗ ಖಾಲಿ ಕಂಡು ಗಾಬರಿಯಾಗಿ ಬರುವ ಪೋಷಕರಲ್ಲಿ ಹೆಚ್ಚಿನವರ ಸಮಸ್ಯೆ ಇದೇ. ವಿದ್ಯಾರ್ಥಿವೇತನದಲ್ಲಿ ಅಡ್ಡಿಯಾಗುವ ಸಂಗತಿಗಳು ಬೇರೆ: ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಅಂಕಪಟ್ಟಿಯಲ್ಲಿ ಒಂದೇ ಅಕ್ಷರ ಇದೆ, ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಎರಡನ್ನೂ ಒಂದೇ ವ್ಯಕ್ತಿ ಎಂದು ಒಪ್ಪುವುದಿಲ್ಲ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅವಧಿ ಮೀರಿರುತ್ತದೆ, ನಾಡಕಚೇರಿಯಿಂದ ಹೊಸದು ಬರುವಷ್ಟರಲ್ಲಿ ಕೊನೆಯ ದಿನಾಂಕ ಕಳೆದಿರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದ್ದರೂ ಸರ್ಕಾರದ ಹಣ ಯಾವ ಖಾತೆಗೆ ಹೋಗಬೇಕೆಂದು ತೋರುವ ಎನ್‌ಪಿಸಿಐ ಮ್ಯಾಪಿಂಗ್ ಹಳೆಯ ಬ್ಯಾಂಕಿನಲ್ಲೇ ಉಳಿದಿರುತ್ತದೆ, ಮಂಜೂರಾದ ಹಣ ಯಾರೂ ಬಳಸದ ಖಾತೆಗೆ ಹೋಗುತ್ತದೆ. ದ್ವಿತೀಯ ಪಿಯು ತರಗತಿ ನಡೆಯುತ್ತಿರುವಾಗಲೇ, ಡಿಸೆಂಬರ್ ಒಳಗೆ ಕಾಲೇಜಿನಲ್ಲೇ ಇವನ್ನೆಲ್ಲ ಪರಿಶೀಲಿಸುವ ವ್ಯವಸ್ಥೆ ಆದರೆ ಜೂನ್ ತಿಂಗಳ ಅರ್ಧ ಓಡಾಟ ತಪ್ಪುತ್ತದೆ.

ಇನ್ನು ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ರಿಯಾಯಿತಿ. ಅವುಗಳ ಸ್ಲ್ಯಾಬ್ ಪಟ್ಟಿಗಳಲ್ಲಿ ಬೋರ್ಡ್ ಶೇ 95, ಜೆಇಇ 95 ಪರ್ಸೆಂಟೈಲ್, ಇಷ್ಟರೊಳಗಿನ ಸಿಇಟಿ ಅಥವಾ ಕಾಮೆಡ್‌ಕೆ (ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ) ರ‍್ಯಾಂಕ್ ಎಂದು ಎಲ್ಲವೂ ಒಂದೇ ಸಾಲಿನಲ್ಲಿ, ಎಲ್ಲಕ್ಕೂ ಒಂದೇ ರಿಯಾಯಿತಿ ಇರುವುದನ್ನು ಕಾಣುತ್ತೇವೆ. ಜೆಇಇ ಮೇನ್ ಸುಮಾರು 14 ಲಕ್ಷ ಮಂದಿ ಬರೆಯುವ ಪರೀಕ್ಷೆ. ಅಲ್ಲಿ 95 ಪರ್ಸೆಂಟೈಲ್ ಎಂದರೆ ಸುಮಾರು 70 ಸಾವಿರನೇ ರ‍್ಯಾಂಕ್, 99 ಎಂದರೆ 14 ಸಾವಿರ. ಅದು ಅಂಕದ ಶೇಕಡಾವಾರಲ್ಲ. ಕಾಮೆಡ್‌ಕೆ ರ‍್ಯಾಂಕ್ 180 ಪ್ರಶ್ನೆಯ ಪರೀಕ್ಷೆಯೊಂದರಿಂದಲೇ ಬರುತ್ತದೆ, ಬೋರ್ಡ್ ಅಂಕ ಸೇರುವುದಿಲ್ಲ, ದೇಶದ ಎಲ್ಲೆಡೆಯವರು ಬರೆಯುತ್ತಾರೆ. ಸಿಇಟಿ ರ‍್ಯಾಂಕಿನಲ್ಲಿ ಬೋರ್ಡ್ ಅಂಕ ಇದೆ, ಸ್ಪರ್ಧಿಸುವವರ ಗುಂಪೂ ಬೇರೆ. ಎರಡರ 5,000ನೇ ರ‍್ಯಾಂಕನ್ನು ಸಮ ಎನ್ನಲು ಆಧಾರವೇ ಇಲ್ಲ. ರಿಯಾಯಿತಿ ಎಲ್ಲ ವರ್ಷಕ್ಕೋ ಮೊದಲ ವರ್ಷಕ್ಕೆ ಮಾತ್ರವೋ, ಮುಂದುವರಿಯಲು ಎಷ್ಟು ಸಿಜಿಪಿಎ ಬೇಕು ಎಂಬುದನ್ನು ಪೋಷಕರು ಶುಲ್ಕ ಕಟ್ಟಿದ ಮೇಲೆ ತಿಳಿಯುವಂತಾಗಬಾರದು. ಸಿಇಟಿ ಮತ್ತು ಕಾಮೆಡ್‌ಕೆ ಎರಡನ್ನೂ ಬರೆಯುವ ಮಕ್ಕಳು ಹೇರಳವಾಗಿದ್ದಾರೆ. ಅವರ ಅಂಕಗಳನ್ನು ಆಧರಿಸಿ, ಕಾಮೆಡ್‌ಕೆ ಸಹಕಾರದಿಂದ, ಸ್ಯಾಟ್-ಎಸಿಟಿಯಂತೆ ಒಂದು ಹೊಂದಾಣಿಕೆ ಕೋಷ್ಟಕ ಮಾಡುವುದು ಸಾಧ್ಯ. ಸರ್ಕಾರ ಅದನ್ನು ಪ್ರಕಟಿಸಿದರೆ ವಿಶ್ವವಿದ್ಯಾಲಯಗಳಿಗೂ ಹಿಡಿಯಲು ಒಂದು ಗೆರೆ ಸಿಗುತ್ತದೆ.

ನಮ್ಮ ಕೋರಿಕೆಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಈ ಸಾಲಿನ ಸಿಇಟಿ ಬರೆದವರ ಬೋರ್ಡ್‌ವಾರು ಸರಾಸರಿ, ಮಾನಕ ವಿಚಲನೆ ಮತ್ತು ಪರ್ಸೆಂಟೈಲ್ ಕೋಷ್ಟಕವನ್ನು, ಯಾರ ಹೆಸರೂ ಇಲ್ಲದೆ, ಪ್ರಾಧಿಕಾರದ ಜಾಲತಾಣದಲ್ಲಿ ಹಾಕಿ. ಸಂಖ್ಯಾಶಾಸ್ತ್ರಜ್ಞರು, ಪಿಯು ಉಪನ್ಯಾಸಕರು ಮತ್ತು ಗ್ರಾಮೀಣ ಕಾಲೇಜುಗಳ ಪ್ರಾಂಶುಪಾಲರಿರುವ ಸಮಿತಿ ರಚಿಸಿ ಮೇಲೆ ಹೇಳಿದ ಎರಡು ಸೂತ್ರಗಳನ್ನು ಹಿಂದಿನ ವರ್ಷಗಳ ಅಂಕದ ಮೇಲೆ ಪರೀಕ್ಷಿಸಿ. ಕೆಲವೇ ಮಂದಿ ಇರುವ ಬೋರ್ಡುಗಳನ್ನು ಹೇಗೆ ಗುಂಪು ಮಾಡಬೇಕು, ಪುನರಾವರ್ತಿತರ ಹಿಂದಿನ ಸಾಲಿನ ಅಂಕವನ್ನು ಯಾವ ವರ್ಷದ ಕೋಷ್ಟಕದಿಂದ ಓದಬೇಕು, ಪ್ರಶ್ನೆ ಕೈಬಿಟ್ಟರೆ ಏನು ಮಾಡಬೇಕು ಎಂಬುದೆಲ್ಲ ನಿಯಮದಲ್ಲೇ ಇರಲಿ. ಫಲಿತಾಂಶದ ಜೊತೆಗೆ ಪ್ರತಿ ಅಭ್ಯರ್ಥಿಗೂ ಅವರ ಲೆಕ್ಕದ ಹಾಳೆ ಸಿಗಲಿ: ಬೋರ್ಡ್ ಅಂಕ, ಪರ್ಸೆಂಟೈಲ್, ಹೊಂದಿಸಿದ ಅಂಕ, ಸಿಇಟಿ ಅಂಕ, ಒಟ್ಟು. ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ರಿಯಾಯಿತಿಯ ಅರ್ಹತೆ ಮತ್ತು ನವೀಕರಣದ ಷರತ್ತುಗಳನ್ನು ಅರ್ಜಿ ಕರೆಯುವ ಮೊದಲೇ ಉನ್ನತ ಶಿಕ್ಷಣ ಇಲಾಖೆಗೆ ಸಲ್ಲಿಸಿ ಪ್ರಕಟಿಸಬೇಕೆಂದು ಸೂಚಿಸಿ.

ಹೊಸ ಸೂತ್ರವನ್ನು ಈಗ ದ್ವಿತೀಯ ಪಿಯುಸಿಯಲ್ಲಿರುವವರ ಮೇಲೆ ಹೇರುವುದು ಬೇಡ. ಈಗ ಪ್ರಥಮ ಪಿಯುಸಿಯಲ್ಲಿರುವವರಿಗೆ ಅನ್ವಯವಾಗುವಂತೆ, ಅವರು ದ್ವಿತೀಯ ಪಿಯುಸಿಗೆ ಕಾಲಿಡುವ ಮುನ್ನ ಅಧಿಸೂಚನೆ ಬರಲಿ. ಅಂಕಿಅಂಶ ಪ್ರಕಟಿಸುವುದಕ್ಕೆ ಮಾತ್ರ ಅಷ್ಟು ಕಾಯಬೇಕಾಗಿಲ್ಲ, ಅದು ಮುಂದಿನ ಸಿಇಟಿ ಮಾಹಿತಿ ಪುಸ್ತಕ ಹೊರಬರುವ ಮೊದಲೇ ಆಗಬಹುದು. ಸಮಿತಿಯ ಕೆಲಸಕ್ಕೆ ಬೇಕಾದ ಲೆಕ್ಕಾಚಾರ, ಮಾದರಿ ಕೋಷ್ಟಕ, ಕಾಲೇಜು ಮಟ್ಟದ ಪರಿಶೀಲನಾ ಪಟ್ಟಿ ತಯಾರಿಸಿಕೊಡಲು ನಾವು ಸಿದ್ಧರಿದ್ದೇವೆ. ತಮ್ಮ ಲಿಖಿತ ಉತ್ತರವನ್ನು ಎದುರುನೋಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಿಇಟಿ ಮತ್ತು ವಿದ್ಯಾರ್ಥಿವೇತನದ ಮಾರ್ಗದರ್ಶನ ಮಾಡುವ ಪದವಿಪೂರ್ವ ಉಪನ್ಯಾಸಕರು